ಏಳು ಫ್ಯಾನು, ಮೂರು ಹೆಡರು: ಕರೆಂಟ್ ಎಲ್ಲಿಂದ, ಹತೋಟಿ ಎಲ್ಲಿಂದ?

ಪ್ರಶ್ನೆ: ನಾನು ರಾಯಚೂರಿನವನು. ಮದುವೆ ವಿಡಿಯೋಗಳ ಎಡಿಟಿಂಗ್‌ಗಾಗಿ ರೈಜೆನ್ 5 5600 ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್ ಬಳಸುತ್ತಿದ್ದೇನೆ. ಬೇಸಿಗೆಯಲ್ಲಿ ಬಿಸಿ ಹೆಚ್ಚುತ್ತದೆಂದು ಕ್ಯಾಬಿನೆಟ್‌ನ ಮುಂಭಾಗಕ್ಕೆ ನಾಲ್ಕು ಪಿನ್ನಿನ ಮೂರು ಹೊಸ ಫ್ಯಾನ್ ಹಾಕಿಸಿದೆ. ಹಿಂದೆ ಒಂದು, ಮೇಲೆ ಒಂದು, ಕ್ಯಾಬಿನೆಟ್ ಜೊತೆಗೇ ಬಂದ ಮೂರು ಪಿನ್ನಿನ ಫ್ಯಾನ್‌ಗಳಿವೆ. ಪ್ರೊಸೆಸರಿನ ಕೂಲರ್‌ಗೆ ಎರಡು ಫ್ಯಾನ್. ಮದರ್‌ಬೋರ್ಡಿನಲ್ಲಿ ಫ್ಯಾನ್ ಸಿಕ್ಕಿಸುವ ಹೆಡರ್‌ಗಳ ಪೈಕಿ ಇರುವುದು ಒಂದು ‘ಸಿಪಿಯು ಫ್ಯಾನ್’ ಹೆಡರ್, ಎರಡು ‘ಸಿಸ್ ಫ್ಯಾನ್’ ಹೆಡರ್ ಮಾತ್ರ. ಅಂಗಡಿಯವರು ಕ್ಯಾಬಿನೆಟ್‌ನ ಐದೂ ಫ್ಯಾನ್‌ಗಳನ್ನು ಸ್ಪ್ಲಿಟರ್ ಎಂಬ ಕವಲು ತಂತಿಗಳ ಮೂಲಕ ‘ಸಿಸ್ ಫ್ಯಾನ್ 1’ಕ್ಕೇ ಜೋಡಿಸಿದ್ದಾರೆ, ‘ಸಿಸ್ ಫ್ಯಾನ್ 2’ ಖಾಲಿ ಇದೆ. ಹಳೆಯ ಎರಡು ಫ್ಯಾನ್‌ಗಳು ಸದಾ ಪೂರ್ಣ ವೇಗದಲ್ಲಿ ಸದ್ದು ಮಾಡುತ್ತವೆ, ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ತೆರೆಯಲ್ಲಿ) ವೇಗದ ಅಂಕಿ ಒಮ್ಮೆ 900 ಎಂದೂ ಒಮ್ಮೆ 4000 ಎಂದೂ ತೋರಿಸುತ್ತದೆ. ಹಲವು ಫ್ಯಾನ್ ಸಿಕ್ಕಿಸುವ ಹಬ್ ಎಂಬ ಪೆಟ್ಟಿಗೆ ಕೊಂಡರೆ ಎಲ್ಲ ಸರಿಹೋಗುತ್ತದೆ, ಇನ್ನೆರಡು ಫ್ಯಾನನ್ನೂ ಹಾಕಬಹುದು ಎನ್ನುತ್ತಾರೆ. ಈಗಿನ ಜೋಡಣೆಯಿಂದ ಬೋರ್ಡಿಗೆ ಅಪಾಯವಿದೆಯೇ? ಹಬ್ ಬೇಕೇ? ಇಷ್ಟು ಫ್ಯಾನ್‌ಗಳಿಂದ ಕರೆಂಟ್ ಬಿಲ್ ಹೆಚ್ಚುತ್ತದೆಯೇ? ಫ್ಯಾನ್‌ಗಳ ಲೇಬಲ್‌ನ ಫೋಟೋ ಕಳಿಸಿದ್ದೇನೆ.

ಉತ್ತರ: ಈಗಿನ ಜೋಡಣೆ ಸರಿಯಿಲ್ಲ. ಬೋರ್ಡು ನಾಳೆಯೇ ಸುಟ್ಟುಹೋಗುತ್ತದೆ ಎಂದು ಹೆದರಬೇಕಿಲ್ಲವಾದರೂ, ಆ ಒಂದು ಹೆಡರ್ ತನ್ನ ಮಿತಿಯನ್ನು ಮೀರಿ ದುಡಿಯುತ್ತಿದೆ. ಹಬ್ ನಿಮಗೆ ಸದ್ಯಕ್ಕೆ ಬೇಕಿಲ್ಲ, ಮತ್ತು ಹಳೆಯ ಎರಡು ಫ್ಯಾನ್‌ಗಳನ್ನೂ ಸೇರಿಸಿ ಎಲ್ಲವನ್ನೂ ಸಾಮಾನ್ಯ ಹಬ್ಬಿಗೆ ಸಿಕ್ಕಿಸಿದರೆ ನಿಮ್ಮ ಮುಖ್ಯ ದೂರು, ಅಂದರೆ ಸದ್ದು, ಈಗ ಇರುವಂತೆಯೇ ಉಳಿಯುತ್ತದೆ. ಖಾಲಿ ಬಿಟ್ಟಿರುವ ‘ಸಿಸ್ ಫ್ಯಾನ್ 2’ ಮತ್ತು ಒಂದೆರಡು ಒಳ್ಳೆಯ ಸ್ಪ್ಲಿಟರ್‌ಗಳಲ್ಲೇ ನಿಮ್ಮ ಪರಿಹಾರವಿದೆ. ಹೀಗೆಂದು ಹೇಳಿ ಮುಗಿಸಿದರೆ ಮುಂದೆ ಇನ್ನೊಂದು ಫ್ಯಾನ್ ಹಾಕುವಾಗ ಮತ್ತೆ ಗೊಂದಲವಾಗುತ್ತದೆ. ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಫ್ಯಾನ್ ತಿರುಗಲು ಬೇಕಾದ ವಿದ್ಯುತ್ತು ಬೇರೆ, ಎಷ್ಟು ವೇಗವಾಗಿ ತಿರುಗಬೇಕೆಂಬ ಆಜ್ಞೆ ಬೇರೆ. ಕಂಪ್ಯೂಟರ್ ಫ್ಯಾನ್‌ಗಳ ವಿಷಯದಲ್ಲಿ ನಾನು ಕಂಡ ಬಹುಪಾಲು ಗೊಂದಲಗಳು ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದ ಹುಟ್ಟಿದವು. ನಾಲ್ಕು ಪಿನ್ನಿನ ಫ್ಯಾನ್‌ನಲ್ಲಿ ಇವೆರಡಕ್ಕೂ ಪ್ರತ್ಯೇಕ ತಂತಿಗಳಿವೆ. ಮೂರು ಪಿನ್ನಿನ ಫ್ಯಾನ್‌ನಲ್ಲಿ ಆಜ್ಞೆಗೆಂದು ತಂತಿಯೇ ಇಲ್ಲ.

ನಿಮ್ಮ ಬೋರ್ಡಿನ ಹೆಡರನ್ನು ಹತ್ತಿರದಿಂದ ನೋಡಿದರೆ ಸಾಲಾಗಿ ನಾಲ್ಕು ಪಿನ್‌ಗಳೂ, ಅವುಗಳಲ್ಲಿ ಮೊದಲ ಮೂರರ ಹಿಂದೆ ನಿಂತ ಪ್ಲಾಸ್ಟಿಕ್ಕಿನ ಒಂದು ಪಟ್ಟಿಯೂ ಕಾಣುತ್ತವೆ. ಮೊದಲನೆಯದು ಗ್ರೌಂಡ್, ಎರಡನೆಯದು 12 ವೋಲ್ಟ್. ಮೂರನೆಯದು ಫ್ಯಾನಿನಿಂದ ಬೋರ್ಡಿಗೆ ವೇಗದ ವರದಿ ತರುವ ತಂತಿ: ಫ್ಯಾನ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಈ ತಂತಿಯಲ್ಲಿ ಎರಡು ಮಿಡಿತಗಳು ಬರುತ್ತವೆ, ಅವನ್ನು ಎಣಿಸಿ ಬೋರ್ಡು ನಿಮಿಷಕ್ಕೆ ಎಷ್ಟು ಸುತ್ತು ಎಂದು ಲೆಕ್ಕ ಹಾಕುತ್ತದೆ. ನಾಲ್ಕನೆಯದು ಪಿಡಬ್ಲ್ಯುಎಂ ಸಂಕೇತದ ತಂತಿ, ಅಂದರೆ ಆಜ್ಞೆಯ ತಂತಿ. ಇದರಲ್ಲಿ ಸೆಕೆಂಡಿಗೆ ಸುಮಾರು 25 ಸಾವಿರ ಸಲ ಸಂಕೇತ ಏರಿಳಿಯುತ್ತದೆ. ಒಂದೊಂದು ಆವರ್ತದಲ್ಲಿ ಅದು ಎಷ್ಟು ಪಾಲು ಕಾಲ ಮೇಲಿರುತ್ತದೆ ಎಂಬುದೇ ವೇಗದ ಆಜ್ಞೆ. 25 ಕಿಲೋಹರ್ಟ್ಸ್ ಎಂಬುದು ಮನುಷ್ಯನ ಕಿವಿಗೆ ಕೇಳುವ ಮಿತಿಗಿಂತ ಮೇಲಿನ ಅಂಕಿ, ಆದ್ದರಿಂದ ಸಂಕೇತದ ಕಾರಣಕ್ಕೆ ಮೋಟರ್ ಸಿಳ್ಳೆ ಹಾಕುವುದಿಲ್ಲ. ಇಂಟೆಲ್ ರೂಪಿಸಿದ ನಾಲ್ಕು ತಂತಿಯ ಫ್ಯಾನ್‌ಗಳ ನಿಯಮದಲ್ಲಿ 21ರಿಂದ 28 ಕಿಲೋಹರ್ಟ್ಸ್‌ವರೆಗೆ ಅವಕಾಶವಿದೆ.

ಇಲ್ಲಿ ಗಮನಿಸಬೇಕಾದದ್ದೆಂದರೆ, ಪಿಡಬ್ಲ್ಯುಎಂ ಸಂಕೇತ 12 ವೋಲ್ಟಿನ ತಂತಿಯನ್ನು ಮುಟ್ಟುವುದೇ ಇಲ್ಲ. ಫ್ಯಾನಿಗೆ ಯಾವಾಗಲೂ ಪೂರ್ಣ 12 ವೋಲ್ಟ್ ಸಿಗುತ್ತಲೇ ಇರುತ್ತದೆ. ಫ್ಯಾನಿನೊಳಗೆ ಇರುವ ಪುಟ್ಟ ಐಸಿ ಸಂಕೇತವನ್ನು ಓದಿಕೊಂಡು ತನ್ನ ಮೋಟರನ್ನು ತಾನೇ ನಿಧಾನಗೊಳಿಸುತ್ತದೆ. ನಾಲ್ಕನೆಯ ತಂತಿ ತುಂಡಾದರೆ ಫ್ಯಾನ್ ನಿಲ್ಲುವುದಿಲ್ಲ, ಪೂರ್ಣ ವೇಗಕ್ಕೆ ಹೋಗುತ್ತದೆ. ನಿಯಮವನ್ನು ಹಾಗೆಯೇ ರೂಪಿಸಲಾಗಿದೆ. ಮೂರು ಪಿನ್ನಿನ ಫ್ಯಾನ್‌ಗೆ ಈ ಐಸಿಯ ತಿಳಿವಳಿಕೆ ಇಲ್ಲ. ಅದನ್ನು ನಿಧಾನಗೊಳಿಸಲು ಇರುವ ದಾರಿ ಒಂದೇ: ಬೋರ್ಡು ಎರಡನೆಯ ಪಿನ್ನಿನ ವೋಲ್ಟೇಜನ್ನೇ 12ರಿಂದ 9ಕ್ಕೋ 7ಕ್ಕೋ ಇಳಿಸಬೇಕು. ಬಯೋಸ್‌ನಲ್ಲಿ ಇದಕ್ಕೆ ‘ಡಿಸಿ’ ಮೋಡ್ ಎನ್ನುತ್ತಾರೆ.

ಈಗ ನಿಮ್ಮ ಕ್ಯಾಬಿನೆಟ್‌ನಲ್ಲಿ ನಡೆಯುತ್ತಿರುವುದು ಅರ್ಥವಾಗುತ್ತದೆ. ‘ಸಿಸ್ ಫ್ಯಾನ್ 1’ ಪಿಡಬ್ಲ್ಯುಎಂ ಮೋಡ್‌ನಲ್ಲಿದೆ. ಆದ್ದರಿಂದ ಎರಡನೆಯ ಪಿನ್ನಿನಲ್ಲಿ ಸದಾ ಪೂರ್ಣ 12 ವೋಲ್ಟ್ ಇದೆ. ಮುಂದಿನ ಮೂರು ಹೊಸ ಫ್ಯಾನ್‌ಗಳು ನಾಲ್ಕನೆಯ ತಂತಿಯ ಮಾತು ಕೇಳಿ ನಿಧಾನಿಸುತ್ತವೆ. ಹಳೆಯ ಎರಡಕ್ಕೆ ಆ ತಂತಿಯೇ ಇಲ್ಲದ ಕಾರಣ ಸಿಕ್ಕ 12 ವೋಲ್ಟಿನಲ್ಲಿ ಪೂರ್ಣ ವೇಗದಲ್ಲಿ ತಿರುಗುತ್ತವೆ. ಫ್ಯಾನ್ ಹಳತಾಗಿ ಕೆಟ್ಟು ಸದ್ದು ಮಾಡುತ್ತಿಲ್ಲ. ಇನ್ನು ವೇಗದ ಅಂಕಿ ಕುಣಿಯುವುದಕ್ಕೆ ಕಾರಣ, ನಿಮ್ಮ ಸ್ಪ್ಲಿಟರ್‌ಗಳಲ್ಲಿ ಒಂದಾದರೂ ಎಲ್ಲ ಫ್ಯಾನ್‌ಗಳ ಮೂರನೆಯ ತಂತಿಯನ್ನು ಒಟ್ಟಿಗೆ ಹೊಸೆದಿದೆ. ಹಲವು ಫ್ಯಾನ್‌ಗಳ ಮಿಡಿತಗಳು ಒಂದೇ ತಂತಿಯಲ್ಲಿ ಬಂದು ಬೆರೆತಾಗ ಬೋರ್ಡು ಎಣಿಸುವ ಅಂಕಿಗೆ ಅರ್ಥವಿರುವುದಿಲ್ಲ. ಇದರಿಂದ ಯಾವುದೂ ಸುಡುವುದಿಲ್ಲ. ಆದರೆ ಒಂದು ಫ್ಯಾನ್ ನಿಂತುಹೋದರೂ ನಿಮಗೆ ತಿಳಿಯುವುದಿಲ್ಲ ಎಂಬುದು ಸಣ್ಣ ತೊಂದರೆಯಲ್ಲ.

ಒಳ್ಳೆಯ ಸ್ಪ್ಲಿಟರನ್ನು ಗುರುತಿಸಲು ಪೆಟ್ಟಿಗೆಯ ಮೇಲಿನ ಬರಹ ಬೇಕಿಲ್ಲ. ಫ್ಯಾನ್‌ಗಳನ್ನು ಸಿಕ್ಕಿಸುವ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ನಾಲ್ಕೂ ಪಿನ್ ಇರಬೇಕು, ಉಳಿದ ತುದಿಗಳಲ್ಲಿ ಮೂರನೆಯ ಪಿನ್ನಿನ ಜಾಗ ಖಾಲಿ ಇರಬೇಕು. ಪಿನ್ ಮುರಿದುಹೋಗಿದೆ ಎಂದು ಭಾವಿಸಿ ಇಂಥ ಸ್ಪ್ಲಿಟರನ್ನು ಅಂಗಡಿಗೆ ಹಿಂದಿರುಗಿಸುವವರಿದ್ದಾರೆ. ವಾಸ್ತವವಾಗಿ ಒಂದೇ ಫ್ಯಾನಿನ ವರದಿ ಬೋರ್ಡಿಗೆ ಹೋಗಲೆಂದು ಬೇಕೆಂದೇ ಅದನ್ನು ಬಿಟ್ಟಿರುತ್ತಾರೆ.

ಅಪಾಯದ ಪ್ರಶ್ನೆಗೆ ಬರೋಣ. ಸಾಮಾನ್ಯ ಮದರ್‌ಬೋರ್ಡುಗಳಲ್ಲಿ ಒಂದು ಫ್ಯಾನ್ ಹೆಡರ್ 1 ಆಂಪಿಯರ್, ಅಂದರೆ 12 ವ್ಯಾಟ್ ಕೊಡಬಲ್ಲುದು. ನೀರಿನ ಕೂಲರ್‌ಗಳ ಪಂಪಿಗೆಂದು ಮೀಸಲಿಟ್ಟ ಹೆಡರ್‌ಗಳಲ್ಲಿ 2 ಆಂಪಿಯರ್, ಕೆಲವೊಮ್ಮೆ 3 ಆಂಪಿಯರ್ ಇರುವುದುಂಟು. ನಿಮ್ಮ ಬೋರ್ಡಿನ ಕೈಪಿಡಿಯಲ್ಲಿ ಹೆಡರ್‌ಗಳ ಪುಟದಲ್ಲಿ ಈ ಅಂಕಿ ಸಾಮಾನ್ಯವಾಗಿ ಇರುತ್ತದೆ, ಒಮ್ಮೆ ನೋಡಿಕೊಳ್ಳಿ. ಫೋಟೋದ ಪ್ರಕಾರ ಮುಂದಿನ ಮೂರು ಫ್ಯಾನ್‌ಗಳ ಲೇಬಲ್‌ನಲ್ಲಿ 0.20 ಆಂಪಿಯರ್, ಎಲ್‌ಇಡಿ ಇರುವ ಹಳೆಯ ಎರಡರಲ್ಲಿ 0.25 ಆಂಪಿಯರ್ ಎಂದಿದೆ. ಮೊದಲ ಮೂರಕ್ಕೆ 0.60, ಉಳಿದೆರಡಕ್ಕೆ 0.50, ಒಟ್ಟು 1.10 ಆಂಪಿಯರ್. ಮಿತಿ ಅಲ್ಲಿಗೇ ದಾಟಿತು. ಇದರ ಮೇಲೆ, ನಿಂತಿರುವ ಮೋಟರು ಹೊರಡುವ ಆ ಗಳಿಗೆಯಲ್ಲಿ ತಿರುಗುತ್ತಿರುವಾಗಿನದಕ್ಕಿಂತ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಐದೂ ಫ್ಯಾನ್‌ಗಳು ಒಟ್ಟಿಗೆ ಹೊರಡುವುದು ನೀವು ಕಂಪ್ಯೂಟರನ್ನು ಆನ್ ಮಾಡುವ ಕ್ಷಣದಲ್ಲೇ. ಕೆಲವು ಬೋರ್ಡುಗಳು ಮಿತಿ ಮೀರಿದೊಡನೆ ಆ ಹೆಡರನ್ನು ತಾವೇ ಬಂದ್ ಮಾಡುತ್ತವೆ. ಅಂಥ ರಕ್ಷಣೆ ಇಲ್ಲದಿದ್ದರೆ ಹೆಡರಿನ ಹಿಂದಿರುವ ಚಿಕ್ಕ ಬಿಡಿಭಾಗ ಬಿಸಿಯಾಗಿ ಕ್ರಮೇಣ ಸೋಲುತ್ತದೆ. ಹಾಗಾದಾಗ ಹೋಗುವುದು ಸಾಮಾನ್ಯವಾಗಿ ಆ ಒಂದು ಹೆಡರ್ ಮಾತ್ರ, ಇಡೀ ಬೋರ್ಡಲ್ಲ. ಆದರೆ ನಿಮ್ಮ ಬೋರ್ಡಿನಲ್ಲಿ ಇರುವುದೇ ಮೂರು ಹೆಡರ್.

ಲೇಬಲ್‌ಗಳ ಮೊತ್ತ ಮಿತಿಯ ಮುಕ್ಕಾಲು ಭಾಗದೊಳಗೆ ಇರಬೇಕೆಂಬುದು ನಾನು ಪಾಲಿಸುವ ಲೆಕ್ಕ. 1 ಆಂಪಿಯರ್ ಹೆಡರಿಗೆ 0.75. ಫ್ಯಾನ್‌ಗಳ ಸಂಖ್ಯೆಯನ್ನು ಎಣಿಸಿ ‘ಒಂದು ಹೆಡರಿಗೆ ಮೂರೇ ಫ್ಯಾನ್’ ಎನ್ನುವುದು ನಂಬಲಾಗದ ಸೂತ್ರ. ನಾಕ್ಟುವಾ ಕಂಪನಿಯ ಎನ್‌ಎಫ್-ಎ12×25 ಎಂಬ ಹೆಸರಾಂತ ಫ್ಯಾನ್ ಎಳೆಯುವುದು ಹೆಚ್ಚೆಂದರೆ 0.14 ಆಂಪಿಯರ್, ಅಂಥವು ಐದು ಒಂದೇ ಹೆಡರಿನಲ್ಲಿ ನೆಮ್ಮದಿಯಾಗಿ ನಡೆಯುತ್ತವೆ. ಹಳೆ ಸರ್ವರ್‌ಗಳಿಂದ ಬಿಚ್ಚಿ ಗುಜರಿಯಲ್ಲಿ ಮಾರುವ ದಪ್ಪ ಫ್ಯಾನ್‌ಗಳಲ್ಲಿ ಒಂದೇ ಒಂದು ಸಾಕು ಹೆಡರನ್ನು ಕೆಡಿಸಲು.

ನೀವು ಮಾಡಬೇಕಾದದ್ದು ಇಷ್ಟೆ. ಕಂಪ್ಯೂಟರ್ ಬಂದ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಹಿಂದಿನ ಮತ್ತು ಮೇಲಿನ ಮೂರು ಪಿನ್ನಿನ ಫ್ಯಾನ್‌ಗಳನ್ನು ‘ಸಿಸ್ ಫ್ಯಾನ್ 1’ರ ಗುಂಪಿನಿಂದ ಬಿಡಿಸಿ. ಅವೆರಡನ್ನು ಒಂದು ವೈ ಸ್ಪ್ಲಿಟರ್ ಮೂಲಕ ‘ಸಿಸ್ ಫ್ಯಾನ್ 2’ಕ್ಕೆ ಸಿಕ್ಕಿಸಿ, ಬಯೋಸ್‌ನಲ್ಲಿ ಆ ಹೆಡರನ್ನು ಡಿಸಿ ಮೋಡ್‌ಗೆ ಇಡಿ. ಮುಂದಿನ ಮೂರು ಫ್ಯಾನ್‌ಗಳು ‘ಸಿಸ್ ಫ್ಯಾನ್ 1’ರಲ್ಲಿ ಪಿಡಬ್ಲ್ಯುಎಂ ಮೋಡ್‌ನಲ್ಲೇ ಇರಲಿ, ಆದರೆ ಸ್ಪ್ಲಿಟರಿಗೆ ಸ್ಪ್ಲಿಟರ್ ಪೋಣಿಸುವ ಬದಲು ಮೂರು ತುದಿಗಳಿರುವ ಒಂದನ್ನೇ ಬಳಸಿ, ಜೋಡಣೆಗಳು ಹೆಚ್ಚಿದಷ್ಟೂ ಸಡಿಲವಾಗುವ ಜಾಗಗಳು ಹೆಚ್ಚು. ಆರ್ಕ್ಟಿಕ್ ಕಂಪನಿಯ ಪಿಎಸ್‌ಟಿ ಮಾದರಿಯಂತೆ ಒಂದರ ಬಾಲಕ್ಕೆ ಇನ್ನೊಂದನ್ನು ಸಿಕ್ಕಿಸುವ ಫ್ಯಾನ್‌ಗಳಾದರೆ ಸ್ಪ್ಲಿಟರೂ ಬೇಕಿಲ್ಲ. ಕೂಲರಿನ ಎರಡು ಫ್ಯಾನ್‌ಗಳು ವೈ ಸ್ಪ್ಲಿಟರಿನಲ್ಲಿ ‘ಸಿಪಿಯು ಫ್ಯಾನ್’ ಹೆಡರಿಗೆ ಹೋಗಲಿ. ಇದೇ ಹೆಡರಿನಲ್ಲಿ ವೇಗದ ವರದಿ ಬಾರದಿದ್ದರೆ ಎಷ್ಟೋ ಬೋರ್ಡುಗಳು ‘ಸಿಪಿಯು ಫ್ಯಾನ್ ಎರರ್’ ಎಂದು ತೋರಿಸಿ ಅಲ್ಲೇ ನಿಲ್ಲುತ್ತವೆ, ಆದ್ದರಿಂದ ನಾಲ್ಕೂ ಪಿನ್ ಇರುವ ತುದಿಗೆ ಕೂಲರಿನ ಒಂದು ಫ್ಯಾನ್ ತಪ್ಪದೆ ಸೇರಿರಬೇಕು. ಈಗ ಲೆಕ್ಕ ನೋಡಿ: ಒಂದು ಹೆಡರಿನಲ್ಲಿ 0.60, ಇನ್ನೊಂದರಲ್ಲಿ 0.50, ಪ್ರೊಸೆಸರಿನದರಲ್ಲಿ ಎರಡಕ್ಕೂ ಸೇರಿ 0.30. ಎಲ್ಲವೂ ಮಿತಿಯೊಳಗೆ, ಎಲ್ಲವೂ ಹತೋಟಿಯೊಳಗೆ.

ಅಂಗಡಿಯವರು ‘ಸಿಸ್ ಫ್ಯಾನ್ 2’ನ್ನು ಏಕೆ ಬಿಟ್ಟರೆಂದು ಊಹಿಸಬಲ್ಲೆ. ಇಂಥ ಸಣ್ಣ ಬೋರ್ಡುಗಳಲ್ಲಿ ಅದು ಕೆಳ ಅಂಚಿನಲ್ಲಿ, ಗ್ರಾಫಿಕ್ಸ್ ಕಾರ್ಡಿನ ನೆರಳಿನಲ್ಲಿ ಇರುವುದು ಸಾಮಾನ್ಯ. ಕಾರ್ಡ್ ಬಿಚ್ಚದೆ ಬೆರಳು ಹೋಗುವುದಿಲ್ಲ. ಕಾರ್ಡ್ ಬಿಚ್ಚಿಯೇ ಕೆಲಸ ಮಾಡಿ. ಹಿಂದಿನ ಫ್ಯಾನಿನ ತಂತಿ ಅಲ್ಲಿಯವರೆಗೆ ಎಟುಕದಿದ್ದರೆ ಎಕ್ಸ್‌ಟೆನ್ಷನ್ ಕೇಬಲ್ ಸಿಗುತ್ತದೆ. ಬಯೋಸ್‌ನಲ್ಲಿ ‘ಆಟೋ’ ಎಂಬ ಆಯ್ಕೆ ಇದ್ದರೂ ಅದನ್ನು ನೆಚ್ಚಬೇಡಿ, ಪಿಡಬ್ಲ್ಯುಎಂ ಅಥವಾ ಡಿಸಿ ಎಂದು ನೀವೇ ಗೊತ್ತುಮಾಡಿ. ಬೋರ್ಡು ತಾನೇ ಪರೀಕ್ಷಿಸಿ ತೀರ್ಮಾನಿಸುವಾಗ ಸ್ಪ್ಲಿಟರ್‌ಗಳ ಜೊತೆ ತಪ್ಪುವುದುಂಟು.

ಇನ್ನು ಹಬ್. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ನಿಮಗೆ ಗೊತ್ತಿರುತ್ತದೆ: ಗುಂಡಿಯ ಮೂಲಕ ಹಾದುಹೋಗುವುದು ಆಜ್ಞೆಯಷ್ಟೇ, ಮೋಟರಿನ ವಿದ್ಯುತ್ತು ನೇರವಾಗಿ ಲೈನಿನಿಂದ ಬರುತ್ತದೆ. ಹಬ್ಬಿನ ಕೆಲಸವೂ ಅದೇ. ಅದು 12 ವೋಲ್ಟನ್ನು ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯ) ಸಾಟಾ ಕನೆಕ್ಟರಿನಿಂದ, ಅಂದರೆ ಡಿಸ್ಕ್‌ಗಳಿಗೆ ವಿದ್ಯುತ್ ಕೊಡುವ ತುದಿಯಿಂದ, ತೆಗೆದುಕೊಳ್ಳುತ್ತದೆ, ಬೋರ್ಡಿನಿಂದ ಪಿಡಬ್ಲ್ಯುಎಂ ಸಂಕೇತವನ್ನು ಮಾತ್ರ ಪಡೆದು ಎಲ್ಲ ಫ್ಯಾನ್‌ಗಳಿಗೂ ಹಂಚುತ್ತದೆ, ಒಂದು ಫ್ಯಾನಿನ ವೇಗವನ್ನು ಬೋರ್ಡಿಗೆ ವರದಿ ಮಾಡುತ್ತದೆ. ಆ ವರದಿ ಯಾವ ಕಿಂಡಿಯಿಂದ ಹೋಗುತ್ತದೆಂದು ಸಾಮಾನ್ಯವಾಗಿ 1 ಎಂಬ ಅಂಕಿಯಿಂದಲೋ ಬೇರೆ ಬಣ್ಣದಿಂದಲೋ ಗುರುತು ಮಾಡಿರುತ್ತಾರೆ. ಅದನ್ನು ಖಾಲಿ ಬಿಡಬಾರದು. ಸಾಟಾ ಕನೆಕ್ಟರಿನ 15 ಪಿನ್‌ಗಳಲ್ಲಿ ಮೂರು 12 ವೋಲ್ಟಿನವು, ಒಂದೊಂದಕ್ಕೆ 1.5 ಆಂಪಿಯರ್, ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟ್. ಬೋರ್ಡಿನ ಹೆಡರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಎಂಟು ಹತ್ತು ಫ್ಯಾನ್ ಇರುವವರಿಗೆ ಇದೇ ಸರಿಯಾದ ದಾರಿ.

ಆದರೆ ಸಾಮಾನ್ಯ ಹಬ್ಬಿನಿಂದ ಬರುವ 12 ವೋಲ್ಟ್ ಇಳಿಯುವುದಿಲ್ಲ. ನಿಮ್ಮ ಮೂರು ಪಿನ್ನಿನ ಫ್ಯಾನ್‌ಗಳನ್ನು ಅದಕ್ಕೆ ಸಿಕ್ಕಿಸಿದರೆ ಈಗಿನಂತೆಯೇ ಪೂರ್ಣ ವೇಗದಲ್ಲಿ ತಿರುಗುತ್ತವೆ. ಬೋರ್ಡಿನ ಭಾರ ಇಳಿದೀತು, ಸದ್ದು ಇಳಿಯದು. ಪಿಡಬ್ಲ್ಯುಎಂ ಸಂಕೇತವನ್ನು ಓದಿ ವೋಲ್ಟೇಜ್ ಇಳಿಸುವ ಹಬ್‌ಗಳೂ ಇವೆ, ಆದರೆ ಮೂರು ಪಿನ್ನಿನ ಫ್ಯಾನನ್ನು ನಿಯಂತ್ರಿಸುತ್ತೇವೆಂದು ತಯಾರಕರು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದನ್ನು ನಂಬಿ. ಮುಂದೆಂದಾದರೂ ಹಬ್ ಕೊಳ್ಳುವುದಾದರೆ ಅದರಿಂದ ಬೋರ್ಡಿಗೆ ಹೋಗುವ ಕೇಬಲನ್ನು ನೋಡಿ: ಸಾಟಾದಿಂದ ಮಾತ್ರ ನಡೆಯುವ ಹಬ್ಬಿನಲ್ಲಿ ಅದಕ್ಕೆ ಎರಡೋ ಮೂರೋ ತಂತಿಗಳಷ್ಟೇ ಇದ್ದು 12 ವೋಲ್ಟಿನ ತಂತಿಯ ಜಾಗ ಖಾಲಿ ಇರುತ್ತದೆ. ನಾಲ್ಕೂ ತಂತಿ ಇದ್ದರೆ, ಬೋರ್ಡಿನ 12 ವೋಲ್ಟೂ ಎಸ್‌ಎಂಪಿಎಸ್‌ನ 12 ವೋಲ್ಟೂ ಹಬ್ಬಿನೊಳಗೆ ಬೆರೆಯದಂತೆ ಏರ್ಪಾಡಿದೆಯೇ ಎಂದು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳದೆ ಜೋಡಿಸಬೇಡಿ.

ಎಸ್‌ಎಂಪಿಎಸ್‌ನಿಂದ ನೇರವಾಗಿ ವಿದ್ಯುತ್ ತೆಗೆಯುವಾಗ ಎರಡು ಅಪಾಯಗಳು ನಿಜವಾಗಿಯೂ ದೊಡ್ಡವು. ಹಳೆಯ ನಾಲ್ಕು ಪಿನ್ನಿನ ಮೊಲೆಕ್ಸ್ ಎಂಬ ವಿದ್ಯುತ್ ಕನೆಕ್ಟರನ್ನು ಸಾಟಾಕ್ಕೆ ಬದಲಿಸುವ ಅಗ್ಗದ ಅಡಾಪ್ಟರ್‌ಗಳಲ್ಲಿ ತಂತಿಗಳ ಸುತ್ತ ಪ್ಲಾಸ್ಟಿಕ್ಕನ್ನು ಒಂದೇ ಎರಕವಾಗಿ ಹೊಯ್ದಿರುತ್ತಾರೆ. ಒಳಗೆ ತಂತಿಗಳು ಒಂದಕ್ಕೊಂದು ತೀರ ಹತ್ತಿರ ಸರಿದಿದ್ದರೂ ಹೊರಗೆ ಕಾಣುವುದಿಲ್ಲ. ಇಂಥವು ಹೊತ್ತಿಕೊಂಡ ಪ್ರಸಂಗಗಳು ಕಂಪ್ಯೂಟರ್ ಕಟ್ಟುವವರಿಗೆಲ್ಲ ಗೊತ್ತು. ತಂತಿಗಳನ್ನು ಪ್ರತ್ಯೇಕವಾಗಿ ಒತ್ತಿ ಕೂರಿಸಿರುವ, ಹಿಂದಿನಿಂದ ಮುಚ್ಚಳ ಇರುವ ಕನೆಕ್ಟರ್ ಆದರೆ ಚಿಂತೆಯಿಲ್ಲ. ಇನ್ನೊಂದು, ಕೇಬಲ್‌ಗಳನ್ನು ಬಿಡಿಸಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗೆ ಬೇರೆ ಎಸ್‌ಎಂಪಿಎಸ್‌ನ ಕೇಬಲನ್ನು ಎಂದಿಗೂ ಹಾಕಬೇಡಿ. ಡಿಸ್ಕು, ಹಬ್ಬುಗಳ ಕಡೆಯ ತುದಿ ಎಲ್ಲ ಕಂಪನಿಗಳಲ್ಲೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಮಾದರಿಯಿಂದ ಮಾದರಿಗೆ ಬೇರೆ. ತಪ್ಪು ಕೇಬಲ್ಲೂ ಸರಿಯಾಗಿ ಕೂರುತ್ತದೆ, ಆದರೆ 5 ವೋಲ್ಟ್ ಇರಬೇಕಾದಲ್ಲಿ 12 ವೋಲ್ಟ್ ಬರುತ್ತದೆ. ಆಮೇಲೆ ಹಾರ್ಡ್ ಡಿಸ್ಕೂ ಇರುವುದಿಲ್ಲ, ಅದರಲ್ಲಿದ್ದ ಮದುವೆಗಳೂ ಇರುವುದಿಲ್ಲ.

ಬಣ್ಣದ ದೀಪಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಏಆರ್‌ಜಿಬಿ ದೀಪಗಳ ಮೂರು ಪಿನ್ನಿನ ತಂತಿ 5 ವೋಲ್ಟಿನದು, ಹಳೆಯ ಆರ್‌ಜಿಬಿಯ ನಾಲ್ಕು ಪಿನ್ನಿನದು 12 ವೋಲ್ಟಿನದು. ಮೊದಲನೆಯದನ್ನು ಎರಡನೆಯದರ ಜಾಗಕ್ಕೆ ಸಿಕ್ಕಿಸಿದರೆ ದೀಪಗಳು ಅಲ್ಲಿಗೇ ಮುಗಿದವು. ಇವೆರಡಕ್ಕೂ ಫ್ಯಾನಿನ ವೇಗಕ್ಕೂ ಸಂಬಂಧವಿಲ್ಲ. ಕಡಿಮೆ ಬೆಲೆಗೆ ಮೂರು ಫ್ಯಾನ್, ಒಂದು ಹಬ್, ಒಂದು ರಿಮೋಟ್ ಸೇರಿಸಿ ಮಾರುವ ಕಿಟ್‌ಗಳಲ್ಲಿ ಆರು ಪಿನ್ನಿನ ಸ್ವಂತ ಕನೆಕ್ಟರ್ ಇರುವುದು ಸಾಮಾನ್ಯ. ಆ ಫ್ಯಾನ್‌ಗಳು ಬೋರ್ಡಿಗೂ ಸೇರುವುದಿಲ್ಲ, ಬೇರೆ ಹಬ್ಬಿಗೂ ಸೇರುವುದಿಲ್ಲ, ಜೊತೆಗೆ ಬಂದ ಹಬ್ ಕೆಟ್ಟರೆ ಮೂರೂ ಮೂಲೆಗೆ. ನಾನಂತೂ ಅವನ್ನು ಯಾರಿಗೂ ಸೂಚಿಸುವುದಿಲ್ಲ.

ಜೋಡಣೆ ಮುಗಿದ ಮೇಲೆ ಉಳಿಯುವುದು ಯಾವ ಬಿಸಿಗೆ ಎಷ್ಟು ವೇಗ ಎಂಬ ನಿರ್ಧಾರ. ಬಯೋಸ್‌ನಲ್ಲಿ ಇದನ್ನು ನಕ್ಷೆಯಾಗಿ ತೋರಿಸುತ್ತಾರೆ: ಏಸಸ್‌ನಲ್ಲಿ ‘ಕ್ಯೂ-ಫ್ಯಾನ್’, ಗಿಗಾಬೈಟ್‌ನಲ್ಲಿ ‘ಸ್ಮಾರ್ಟ್ ಫ್ಯಾನ್’, ಎಂಎಸ್‌ಐಯಲ್ಲಿ ‘ಹಾರ್ಡ್‌ವೇರ್ ಮಾನಿಟರ್’ ಎಂಬ ಹೆಸರುಗಳಲ್ಲಿ. ಇಲ್ಲಿ ಬಹಳ ಮಂದಿ ಕ್ಯಾಬಿನೆಟ್‌ನ ಫ್ಯಾನ್‌ಗಳನ್ನೂ ಪ್ರೊಸೆಸರಿನ ಉಷ್ಣತೆಗೆ ಕಟ್ಟಿಹಾಕುತ್ತಾರೆ, ಏಕೆಂದರೆ ಬಯೋಸ್ ಮೊದಲು ತೋರಿಸುವುದೇ ಅದನ್ನು. ನಿಮ್ಮ ರೈಜೆನ್ 5 5600 ಕಾರ್ಖಾನೆಯ ಸೆಟ್ಟಿಂಗ್‌ನಲ್ಲಿ ಹೆಚ್ಚೆಂದರೆ 76 ವ್ಯಾಟ್ ಬಳಸುತ್ತದೆ. ಆರ್‌ಟಿಎಕ್ಸ್ 3060 ಕಾರ್ಡಿನ ಬಳಕೆ 170 ವ್ಯಾಟ್‌ವರೆಗೆ ಹೋಗುತ್ತದೆ. ಕ್ಯಾಬಿನೆಟ್ಟಿನೊಳಗಿನ ಗಾಳಿಯನ್ನು ಕಾಯಿಸುತ್ತಿರುವುದು ಮುಖ್ಯವಾಗಿ ಕಾರ್ಡು. ಮೇಲಾಗಿ ರೈಜೆನ್ ಪ್ರೊಸೆಸರ್‌ಗಳ ಉಷ್ಣತೆಯ ಅಂಕಿ ಬ್ರೌಸರ್ ತೆರೆದ ಮಾತ್ರಕ್ಕೆ ಹತ್ತು ಹದಿನೈದು ಡಿಗ್ರಿ ಜಿಗಿದು ಮರುಕ್ಷಣ ಇಳಿಯುತ್ತದೆ, ಅದಕ್ಕೆ ತಕ್ಕಂತೆ ಫ್ಯಾನ್‌ಗಳೂ ಗುರ್ರೆಂದು ಎದ್ದು ಕೂರುತ್ತವೆ. ಈ ಏರಿಳಿತ ತಪ್ಪಿಸಲು ವೇಗ ಏರುವ ಇಳಿಯುವ ಮುನ್ನ ಕೆಲವು ಸೆಕೆಂಡು ಕಾಯುವ ಆಯ್ಕೆ ಬಯೋಸ್‌ನಲ್ಲಿ ಇದ್ದರೆ ಅದನ್ನು ಬಳಸಿಕೊಳ್ಳಿ.

ಕಾರ್ಡಿನ ಉಷ್ಣತೆಯನ್ನು ಬಯೋಸ್ ಸಾಮಾನ್ಯವಾಗಿ ಓದಲಾರದು. ವಿಂಡೋಸ್‌ನಲ್ಲಿ ‘ಫ್ಯಾನ್ ಕಂಟ್ರೋಲ್’ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಪ್ರೊಸೆಸರ್, ಕಾರ್ಡ್ ಇವೆರಡರಲ್ಲಿ ಯಾವುದು ಹೆಚ್ಚು ಬಿಸಿಯೋ ಅದನ್ನು ಅನುಸರಿಸು ಎಂದು ಹೇಳುವ ಸೌಲಭ್ಯವೂ ಅದರಲ್ಲಿದೆ. ಅದರ ಹಳೆಯ ಆವೃತ್ತಿಗಳನ್ನು ಎಲ್ಲಿಂದಲೋ ತಂದು ಹಾಕಬೇಡಿ. ಇಂಥ ತಂತ್ರಾಂಶಗಳು ಬಳಸುತ್ತಿದ್ದ ವಿನ್‌ರಿಂಗ್0 ಎಂಬ ಡ್ರೈವರನ್ನು ವಿಂಡೋಸ್ ಡಿಫೆಂಡರ್ 2025ರಲ್ಲಿ ಅಪಾಯಕಾರಿ ಎಂದು ಗುರುತಿಸಿ ತಡೆಯತೊಡಗಿತು. ಹೊಸ ಆವೃತ್ತಿಯನ್ನೇ ಹಾಕಿ. ಲಿನಕ್ಸ್ ಬಳಸುವವರಿಗೆ ‘ಎಲ್‌ಎಂ-ಸೆನ್ಸರ್ಸ್’ ಜೊತೆಗೆ ‘ಫ್ಯಾನ್‌ಕಂಟ್ರೋಲ್’ ಇದೆ. ತಂತ್ರಾಂಶ ಯಾವುದೇ ಇರಲಿ, ಅದು ಕೆಲಸ ಶುರುಮಾಡುವುದು ಆಪರೇಟಿಂಗ್ ಸಿಸ್ಟಂ ತೆರೆದ ಮೇಲೆ, ಆದ್ದರಿಂದ ಬಯೋಸ್‌ನಲ್ಲಿ ಒಂದು ಸುರಕ್ಷಿತ ನಕ್ಷೆಯನ್ನು ಮೊದಲು ಉಳಿಸಿ ಆಮೇಲೆ ಅದನ್ನು ಹಾಕಿಕೊಳ್ಳಿ.

ನಕ್ಷೆಯ ಅಂಕಿಗಳನ್ನು ಬೇರೆ ಊರಿನವರಿಂದ ನಕಲು ಮಾಡಿದರೆ ಪ್ರಯೋಜನವಿಲ್ಲ. ಫ್ಯಾನು ಯಾವ ಭಾಗವನ್ನೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಬೆಂಗಳೂರಿನ 26 ಡಿಗ್ರಿ ಕೋಣೆಯಲ್ಲಿ 42 ಡಿಗ್ರಿಯಲ್ಲಿ ಸುಮ್ಮನಿರುವ ಪ್ರೊಸೆಸರು ಮೇ ತಿಂಗಳ ರಾಯಚೂರಿನ 40 ಡಿಗ್ರಿ ಕೋಣೆಯಲ್ಲಿ ಯಾವ ಕೆಲಸವೂ ಇಲ್ಲದೆ 56 ಡಿಗ್ರಿ ಆಸುಪಾಸಿನಲ್ಲಿರುತ್ತದೆ. 50 ಡಿಗ್ರಿಗೇ ವೇಗ ಏರಿಸುವ ನಕ್ಷೆ ಹಾಕಿದರೆ ನಿಮ್ಮ ಫ್ಯಾನ್‌ಗಳು ಬೇಸಿಗೆಯಿಡೀ ಸುಮ್ಮನಾಗುವುದಿಲ್ಲ. ನೀವು 60 ಡಿಗ್ರಿಯವರೆಗೆ ಶೇಕಡಾ 40, 72ಕ್ಕೆ ಶೇಕಡಾ 65, 82ಕ್ಕೆ ಶೇಕಡಾ 100 ಎಂದು ಆರಂಭಿಸಿ, ಒಂದು ದೊಡ್ಡ ವಿಡಿಯೋ ರೆಂಡರ್ ಮಾಡುತ್ತ ನೋಡಿ ತಿದ್ದಿಕೊಳ್ಳಿ. ನಿಮ್ಮ ಪ್ರೊಸೆಸರಿನ ಗರಿಷ್ಠ ಮಿತಿ 90 ಡಿಗ್ರಿ, ಕಾರ್ಡಿನದು 93. ಹಾಗಾಗಿ 75 ಡಿಗ್ರಿ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಡಿಸಿ ಮೋಡ್‌ನಲ್ಲಿರುವ ಹಳೆಯ ಫ್ಯಾನ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ: ತೀರ ಕಡಿಮೆ ವೋಲ್ಟೇಜಿನಲ್ಲಿ ತಿರುಗುತ್ತಿರುವ ಫ್ಯಾನ್ ತಿರುಗುತ್ತಲೇ ಇರಬಹುದು, ಆದರೆ ನಿಂತಲ್ಲಿಂದ ಹೊರಡಲು ಅಷ್ಟು ಸಾಲದು. ಅವನ್ನು ಶೇಕಡಾ 60ಕ್ಕೆ, ಅಂದರೆ ಸುಮಾರು 7 ವೋಲ್ಟಿಗೆ ಇಟ್ಟು, ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಆನ್ ಮಾಡಿದಾಗ ಎರಡೂ ಹೊರಡುತ್ತವೆಯೇ ಎಂದು ಕಣ್ಣಾರೆ ನೋಡಿ.

ಇನ್ನೆರಡು ಫ್ಯಾನ್ ಹಾಕುವ ಆಲೋಚನೆಯನ್ನು ಕೈಬಿಡಿ ಎಂದೇ ಹೇಳುತ್ತೇನೆ, ಅದಕ್ಕೆ ಲೆಕ್ಕವೂ ಇದೆ. ನಿಮ್ಮ ಯಂತ್ರ ಪೂರ್ತಿ ದುಡಿಯುವಾಗ ಸುಮಾರು 250 ವ್ಯಾಟ್ ಶಾಖ ಹೊರಹೋಗಬೇಕು ಎಂದುಕೊಳ್ಳಿ. ಕ್ಯಾಬಿನೆಟ್ ಮೂಲಕ ನಿಜವಾಗಿ 50 ಸಿಎಫ್‌ಎಂ (ನಿಮಿಷಕ್ಕೆ 50 ಘನ ಅಡಿ) ಗಾಳಿ ಹಾದುಹೋದರೆ, ಹೊರಬರುವ ಗಾಳಿ ಒಳಹೋದದ್ದಕ್ಕಿಂತ ಸುಮಾರು 9 ಡಿಗ್ರಿ ಬಿಸಿಯಾಗಿರುತ್ತದೆ. ಗಾಳಿಯನ್ನು 100 ಸಿಎಫ್‌ಎಂಗೆ ಏರಿಸಿದರೆ ಈ ಅಂತರ ನಾಲ್ಕೂವರೆ ಡಿಗ್ರಿ; 200ಕ್ಕೆ ಏರಿಸಿದರೆ ಎರಡೂ ಕಾಲು. ಮೊದಲ ಹೆಚ್ಚಳದಲ್ಲಿ ನಾಲ್ಕೂವರೆ ಡಿಗ್ರಿ ಲಾಭ, ಅದರ ದುಪ್ಪಟ್ಟು ಮಾಡಿದರೆ ಬರೀ ಎರಡೂ ಕಾಲು ಡಿಗ್ರಿ. ನಿಮ್ಮ ಐದು ಫ್ಯಾನ್‌ಗಳು ಮಧ್ಯಮ ವೇಗದಲ್ಲೇ ಈ ಲಾಭದ ಬಹುಪಾಲನ್ನು ತಂದುಕೊಡುತ್ತವೆ. ಮೇಲಿನ ಫ್ಯಾನ್ ಮುಂದಿನ ಮೂಲೆಯಲ್ಲಿದ್ದರೆ ಅದನ್ನು ಹಿಂದಕ್ಕೆ ಸರಿಸಿ. ಅಲ್ಲೇ ಬಿಟ್ಟರೆ ಮುಂದಿನಿಂದ ಬಂದ ತಣ್ಣನೆ ಗಾಳಿಯನ್ನು ಕೂಲರ್ ಮುಟ್ಟುವ ಮೊದಲೇ ಅದು ಎಳೆದು ಹೊರಹಾಕುತ್ತದೆ. ಇನ್ನು ನಿಮ್ಮ ಊರಿನ ಧೂಳಿಗೆ, ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿರುವುದು ಒಳ್ಳೆಯದು: ಆಗ ಗಾಳಿ ಮುಂದಿನ ಜಾಲರಿಯ ಮೂಲಕವೇ ಬರುತ್ತದೆ, ಸಂದಿಗಳಿಂದ ಧೂಳನ್ನು ಎಳೆದುಕೊಳ್ಳುವುದಿಲ್ಲ. ಮುಂದಿನ ಮೂರು ಫ್ಯಾನ್‌ಗಳು ಹಳೆಯ ಎರಡಕ್ಕಿಂತ ಹೆಚ್ಚು ದುಡಿಯುವಂತೆ ನಕ್ಷೆ ಇಟ್ಟರೆ ಅದು ತಾನಾಗಿ ಆಗುತ್ತದೆ, ಮತ್ತು ಎರಡು ಗುಂಪುಗಳನ್ನು ಎರಡು ಹೆಡರಿಗೆ ಹಂಚಿದ್ದರ ಇನ್ನೊಂದು ಪ್ರಯೋಜನ ಅದೇ. ಜಾಲರಿಯನ್ನು ಮಾತ್ರ ಬೇಸಿಗೆಯಲ್ಲಿ ಆಗಾಗ ಬಿಚ್ಚಿ ತೊಳೆಯಬೇಕು. ಅದು ಕಟ್ಟಿಕೊಂಡರೆ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಕರೆಂಟ್ ಬಿಲ್ಲಿನ ಚಿಂತೆ ಬೇಡ. ಏಳೂ ಫ್ಯಾನ್‌ಗಳ ಲೇಬಲ್ ಕೂಡಿಸಿದರೆ 1.40 ಆಂಪಿಯರ್, 12 ವೋಲ್ಟಿನಲ್ಲಿ ಅದು 17 ವ್ಯಾಟ್‌ನ ಒಳಗೆ. ದಿನಕ್ಕೆ ಹತ್ತು ಗಂಟೆ ಪೂರ್ಣ ವೇಗದಲ್ಲಿ ಓಡಿಸಿದರೂ, ಎಸ್‌ಎಂಪಿಎಸ್‌ನಲ್ಲಿ ಆಗುವ ನಷ್ಟವನ್ನು ಸೇರಿಸಿ, ತಿಂಗಳಿಗೆ ಐದಾರು ಯೂನಿಟ್. ಹತೋಟಿಗೆ ಬಂದ ಮೇಲೆ ಅಷ್ಟೂ ಆಗುವುದಿಲ್ಲ, ಏಕೆಂದರೆ ಫ್ಯಾನಿನ ವೇಗ ಅರ್ಧಕ್ಕೆ ಇಳಿದಾಗ ಗಾಳಿ ಅರ್ಧಕ್ಕೆ ಇಳಿಯುತ್ತದೆ, ಗಾಳಿಯನ್ನು ನೂಕಲು ಬೇಕಾದ ಶಕ್ತಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಸದ್ದು ಸುಮಾರು 15 ಡೆಸಿಬಲ್ ತಗ್ಗುತ್ತದೆ. ಹಳೆಯ ಎರಡು ಫ್ಯಾನ್‌ಗಳನ್ನು ‘ಸಿಸ್ ಫ್ಯಾನ್ 2’ಕ್ಕೆ ಬದಲಿಸಿದ ದಿನವೇ ಇದು ನಿಮ್ಮ ಕಿವಿಗೆ ತಿಳಿಯಬೇಕು. ತಿಳಿಯದಿದ್ದರೆ ಬಯೋಸ್‌ನಲ್ಲಿ ಆ ಹೆಡರ್ ಇನ್ನೂ ಪಿಡಬ್ಲ್ಯುಎಂ ಮೋಡ್‌ನಲ್ಲೇ ಉಳಿದಿದೆ ಎಂದು ಅರ್ಥ.